ನಕ್ಷೆಯ ಮೇಲಿನ ಸಹಿ ಯಾರ ಪರ?

ಬೆಂಗಳೂರಿನ ಅಂದಿನ ಪಾಲಿಕೆ ಬಿಬಿಎಂಪಿ 2024ರಲ್ಲಿ ‘ನಂಬಿಕೆ ನಕ್ಷೆ’ ಯೋಜನೆ ತಂದಾಗ ಮನೆ ಕಟ್ಟಿಸುವವರು ನಿಟ್ಟುಸಿರು ಬಿಟ್ಟರು. 50x80 ಅಡಿವರೆಗಿನ ನಿವೇಶನದಲ್ಲಿ ವಾಸದ ಮನೆ ಕಟ್ಟಲು, ಪಾಲಿಕೆಯಲ್ಲಿ ನೋಂದಾಯಿಸಿಕೊಂಡ ಆರ್ಕಿಟೆಕ್ಟ್ ಅಥವಾ ಇಂಜಿನಿಯರ್ ಆನ್‌ಲೈನಿನಲ್ಲಿ ನಕ್ಷೆ ಸಲ್ಲಿಸಿದರೆ ತಾತ್ಕಾಲಿಕ ಮಂಜೂರಾತಿ ಸಿಗುತ್ತದೆ. ನಕ್ಷೆ ನಿಯಮಕ್ಕೆ ಒಪ್ಪುತ್ತದೆ ಎಂದು ದೃಢೀಕರಿಸುವುದೂ ಅವರೇ. ಪ್ಲಾನ್ ಸ್ಯಾಂಕ್ಷನ್‌ಗಾಗಿ ಕಚೇರಿ ಅಲೆದು ಚಪ್ಪಲಿ ಸವೆಸಿದವರಿಗೆ ಇದರ ಬೆಲೆ ಗೊತ್ತು. ಈ ಯೋಜನೆಗೆ ನನ್ನ ವಿರೋಧವಿಲ್ಲ. ಆದರೆ ದೃಢೀಕರಿಸುವವರನ್ನು ಆರಿಸುವವರು, ಅವರಿಗೆ ಫೀಸು ಕೊಡುವವರು ಮನೆಯ ಮಾಲೀಕರೇ ಆಗಿರುವಾಗ ಆ ಸಹಿ ಯಾರ ಹಿತ ಕಾಯುತ್ತದೆ?

ಈ ದಾರಿಯಲ್ಲಿ ನಮಗಿಂತ ಮೊದಲು ನಡೆದ ದೇಶ ಇಂಗ್ಲೆಂಡ್. ಅಲ್ಲಿನ 1984ರ ಕಟ್ಟಡ ಕಾಯ್ದೆ, ಸ್ಥಳೀಯ ಸಂಸ್ಥೆಯ (ಕೌನ್ಸಿಲ್) ಬದಲು ಖಾಸಗಿ ಪರಿವೀಕ್ಷಕರಿಂದಲೂ ದೃಢೀಕರಣ ಪಡೆಯಬಹುದು ಎಂದಿತು. ಬಿಲ್ಡರ್ ತನಗೆ ಬೇಕಾದವರನ್ನು ಹಿಡಿಯಬಹುದಾಯಿತು. ಗಿರಾಕಿ ಕೈತಪ್ಪದಿರಲೆಂದು ಖಾಸಗಿಯವರು ಪೈಪೋಟಿಗೆ ಬಿದ್ದರು, ಕೌನ್ಸಿಲ್‌ಗಳೂ ಬಿದ್ದವು. 2017ರ ಜೂನ್ 14ರಂದು ಲಂಡನ್ನಿನ 24 ಅಂತಸ್ತಿನ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿದು 72 ಜನ ಸತ್ತರು. ಬೇಗ ಬೆಂಕಿ ಹಿಡಿಯುವ ಹೊರಹೊದಿಕೆಯನ್ನು ನವೀಕರಣದ ವೇಳೆ ಗೋಡೆಗೆ ಹೊದಿಸಿದ್ದರು. ಅದು ನಿಯಮಬದ್ಧವೆಂದು ಪತ್ರ ಕೊಟ್ಟದ್ದು ಖಾಸಗಿಯವರಲ್ಲ, ಸ್ಥಳೀಯ ಕೌನ್ಸಿಲ್‌ನ ವಿಭಾಗವೇ. ಹಾಗಾಗಿ ‘ಸರ್ಕಾರಿ ಕೈಯಲ್ಲಿದ್ದರೆ ಸುರಕ್ಷಿತ’ ಎನ್ನುವವರಿಗೂ ಗ್ರೆನ್‌ಫೆಲ್ ಆಸರೆ ಕೊಡುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಬಂದ ವಿಚಾರಣಾ ವರದಿ, ದೃಢೀಕರಿಸುವವರ ವ್ಯಾಪಾರಿ ಹಿತಕ್ಕೂ ಸಾರ್ವಜನಿಕ ಹಿತಕ್ಕೂ ಇರುವ ಘರ್ಷಣೆಯ ಮೇಲೆ ಬೆರಳಿಟ್ಟಿತು. ಅಷ್ಟರೊಳಗೆ 2022ರ ಹೊಸ ಕಾಯ್ದೆ ಜಾರಿಗೆ ಬಂದಿತ್ತು. 18 ಮೀಟರ್ ಅಥವಾ ಏಳು ಅಂತಸ್ತು ಮುಟ್ಟುವ ವಾಸದ ಕಟ್ಟಡಗಳಿಗೆ ಈಗ ಅಲ್ಲಿ ದೃಢೀಕರಿಸುವವರನ್ನು ಬಿಲ್ಡರ್ ಆರಿಸುವಂತಿಲ್ಲ.

ನಮ್ಮ ಊರುಗಳ ಲೆಕ್ಕವೂ ಸಣ್ಣದಲ್ಲ. 1983ರಲ್ಲಿ ಬೆಂಗಳೂರಿನ ಗಂಗಾರಾಂ ಕಟ್ಟಡ ಕುಸಿದು 123 ಜನ, 2019ರಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ 19 ಜನ, 2024ರಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ 9 ಜನ ಸತ್ತರು. ಮೂರೂ ಕಟ್ಟುತ್ತಿದ್ದಾಗಲೇ ಬಿದ್ದ ಕಟ್ಟಡಗಳು. ಬಾಬುಸಾಪಾಳ್ಯದಲ್ಲಿ ಮಂಜೂರಾದುದಕ್ಕಿಂತ ಹೆಚ್ಚು ಮಹಡಿ ಎಬ್ಬಿಸಿದ್ದರೆಂದು ವರದಿಯಾಯಿತು. ಕಾಗದದಲ್ಲಿದ್ದ ನಕ್ಷೆ ಎಷ್ಟೇ ಶುದ್ಧವಾಗಿದ್ದರೂ ಅದನ್ನು ನೋಡಿದ ಕಣ್ಣು ಸೈಟಿಗೆ ಬರದಿದ್ದರೆ ಹೀಗಾಗುತ್ತದೆ.

ಇಲ್ಲಿ ಎರಡು ಬಗೆಯ ನಿಯಮಗಳನ್ನು ಬೇರ್ಪಡಿಸಿ ನೋಡಬೇಕು. ಸೆಟ್‌ಬ್ಯಾಕ್ ಎಷ್ಟು ಬಿಟ್ಟಿದ್ದಾರೆ, ಎತ್ತರವೆಷ್ಟು, ನಿವೇಶನಕ್ಕೆ ತಕ್ಕ ಒಟ್ಟು ಮಹಡಿ ವಿಸ್ತೀರ್ಣದ ಮಿತಿ (ಎಫ್‌ಎಆರ್) ಮೀರಿದೆಯೇ ಎಂಬುದನ್ನು ಕಂಪ್ಯೂಟರೇ ಅಳೆದು ಹೇಳುತ್ತದೆ. ಅಷ್ಟಕ್ಕೆ ನಂಬಿಕೆಯ ಪದ್ಧತಿ ಸಾಕು. ಮಣ್ಣು ಎಷ್ಟು ಭಾರ ತಾಳುತ್ತದೆ, ಕಂಬಕ್ಕೆ ಎಷ್ಟು ಕಂಬಿ ಬೇಕು, ರಿಂಗುಗಳ ನಡುವೆ ಎಷ್ಟು ಅಂತರ ಇರಬೇಕು ಎಂಬುದು ಬೇರೆಯದೇ ವಿಷಯ. ಸೆಟ್‌ಬ್ಯಾಕ್ ಅರ್ಧ ಅಡಿ ಕಡಿಮೆಯಾದರೆ ಪಕ್ಕದ ಮನೆಯವರಿಗೆ ಗಾಳಿ ಬೆಳಕು ಕಡಿಮೆಯಾಗುತ್ತದೆ, ಅವರು ದೂರು ಕೊಡುತ್ತಾರೆ. ಕಂಬಿ ಕಡಿಮೆಯಾದರೆ ದೂರು ಕೊಡಲು ಯಾರಿಗೂ ಕಾಣುವುದೇ ಇಲ್ಲ, ಕಾಂಕ್ರೀಟು ಅದನ್ನು ಮುಚ್ಚಿಬಿಡುತ್ತದೆ. ನಮ್ಮ ಪಾಲಿಕೆಗಳು ಮೊದಲನೆಯದಕ್ಕೆ ಕೊಟ್ಟ ಗಮನದಲ್ಲಿ ಅರ್ಧವನ್ನಾದರೂ ಎರಡನೆಯದಕ್ಕೆ ಕೊಡಬೇಕಿತ್ತು.

ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿತು. ಒಳ್ಳೆಯದೇ. ಆದರೆ ಆ ಪತ್ರ ಬರುವುದು ಎಲ್ಲ ಮುಗಿದ ಮೇಲೆ. ಆಗ ಬಂದ ಅಧಿಕಾರಿಗೆ ಬಣ್ಣ ಹೊಡೆದ ಗೋಡೆ ಕಾಣುತ್ತದೆ, ಒಳಗಿನ ಕಬ್ಬಿಣ ಕಾಣುವುದಿಲ್ಲ. ಪಾಯದ ಗುಂಡಿ ತೆರೆದಿರುವಾಗ, ಕಂಬಿ ಕಟ್ಟಿ ಮೋಲ್ಡ್ ಹಾಕಲು ಸಿದ್ಧವಾದಾಗ ನೋಡಿದರಷ್ಟೇ ಅದು ಪರಿಶೀಲನೆ.

ಜರ್ಮನಿಯ ಪದ್ಧತಿ ನನಗೆ ಹೆಚ್ಚು ಸರಿಯೆನಿಸುತ್ತದೆ. ದೊಡ್ಡ ಕಟ್ಟಡಗಳಲ್ಲಿ ಒಬ್ಬ ಇಂಜಿನಿಯರ್ ಮಾಡಿದ ಬಲದ ಲೆಕ್ಕಾಚಾರವನ್ನು ಸರ್ಕಾರದ ಮಾನ್ಯತೆ ಪಡೆದ ಇನ್ನೊಬ್ಬ ಸ್ವತಂತ್ರ ಇಂಜಿನಿಯರ್ ಮತ್ತೆ ಪರೀಕ್ಷಿಸುತ್ತಾರೆ. ನಾವೂ ಇದನ್ನು ಮಾಡಬಹುದು. ಮಾಲೀಕರು ಫೀಸನ್ನು ಪಾಲಿಕೆಗೆ ಕಟ್ಟಲಿ, ಪಾಲಿಕೆ ತನ್ನ ಪಟ್ಟಿಯಿಂದ ಚೀಟಿ ಎತ್ತಿ ಎರಡನೆಯ ಇಂಜಿನಿಯರನ್ನು ಕಳಿಸಲಿ. ಪಾಯಕ್ಕೊಮ್ಮೆ, ಪ್ರತಿ ಮೋಲ್ಡಿಗೊಮ್ಮೆ ಅವರು ಬಂದು ಫೋಟೊ ಸಮೇತ ದಾಖಲಿಸಲಿ. ಖರ್ಚು ಹೆಚ್ಚುತ್ತದೆ ಎನ್ನುವ ಆಕ್ಷೇಪ ನಿಜ. ಬಡವರ ಒಂದಂತಸ್ತಿನ ಮನೆಗೆ ವಿನಾಯಿತಿ ಇರಲಿ. ಬಾಡಿಗೆಗೆಂದು ನಾಲ್ಕಾರು ಮಹಡಿ ಎಬ್ಬಿಸುವವರಿಗೆ ಈ ಖರ್ಚು ಭಾರವಾಗದು. ಅಲ್ಲಿ ಮಲಗುವ ಬಾಡಿಗೆದಾರರಿಗೆ ಯಾವ ನಕ್ಷೆಯ ಮೇಲೂ ಸಹಿ ಹಾಕುವ ಅವಕಾಶವಿಲ್ಲ, ಅವರ ಪರವಾಗಿ ಯಾರಾದರೂ ನೋಡಲೇಬೇಕು.

ಕಾನೂನು ಬದಲಾಗುವವರೆಗೆ ಕಾಯಬೇಕಾಗಿಲ್ಲ. ನೀವು ಮನೆ ಕಟ್ಟಿಸುತ್ತಿದ್ದರೆ ಅಥವಾ ಫ್ಲಾಟ್ ಕೊಳ್ಳುತ್ತಿದ್ದರೆ ಮಂಜೂರಾದ ನಕ್ಷೆ ನೋಡಿ ಸುಮ್ಮನಾಗಬೇಡಿ. ಸ್ಟ್ರಕ್ಚರಲ್ ಡ್ರಾಯಿಂಗಿಗೆ ಸಹಿ ಹಾಕಿದವರು ಯಾರು, ಮೋಲ್ಡ್ ಹಾಕುವ ಮುನ್ನ ಅವರು ಸೈಟಿಗೆ ಬಂದಿದ್ದರೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.