ಕರೆಂಟಿನ ಲೆಕ್ಕ ಕಾಲೇಜಿನ ಕೋಣೆಯಲ್ಲೇ ಕೂರಬೇಕೆ?

ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಶಕ್ತಿಯ ನಿಯಂತ್ರಣ ಮತ್ತು ನಿರ್ವಹಣೆ ಎಂಬುದು ಈಗ ಒಂದು ಪಾಠದ ವಿಷಯ. ಯಾವ ಯಂತ್ರ ಎಷ್ಟು ಕರೆಂಟು ತಿನ್ನುತ್ತದೆ, ಅದರಲ್ಲಿ ಎಷ್ಟು ಕೆಲಸಕ್ಕೆ ಬರುತ್ತದೆ, ಎಷ್ಟು ಬರೀ ಬಿಸಿಯಾಗಿ ಗಾಳಿಗೆ ಹೋಗುತ್ತದೆ ಎಂದು ಅಳೆದು ನೋಡಿ ದುಂದನ್ನು ತಡೆಯುವ ವಿದ್ಯೆ ಇದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯುತ್ ಶಾಖೆಯ ಪಠ್ಯಗಳಲ್ಲಿ ಇದಕ್ಕೆ ಜಾಗ ಸಿಕ್ಕಿದೆ. ನಮ್ಮ ಚಿಕ್ಕಮಗಳೂರಿನಲ್ಲೇ 1980ರಿಂದ ಆದಿಚುಂಚನಗಿರಿ ತಾಂತ್ರಿಕ ವಿದ್ಯಾಲಯವಿದೆ; ಸರ್ಕಾರಿ ಪಾಲಿಟೆಕ್ನಿಕ್ ಇದೆ. ವಿದ್ಯೆ ಒಳ್ಳೆಯದು. ಅದನ್ನು ಕಲಿಯುವ ಹುಡುಗ ಹುಡುಗಿಯರೂ ಬಹುಪಾಲು ನಮ್ಮವರ ಮಕ್ಕಳೇ. ಆದರೆ ಈ ವಿದ್ಯೆ ಯಾರ ಬಾಗಿಲು ತಟ್ಟುತ್ತದೆ, ಯಾರ ಬಾಗಿಲನ್ನು ಕಂಡೂ ಕಾಣದಂತೆ ದಾಟಿ ಹೋಗುತ್ತದೆ? ಇದು ನಮ್ಮ ಪ್ರಶ್ನೆ.

2001ರಲ್ಲಿ ಪಾರ್ಲಿಮೆಂಟು ಶಕ್ತಿ ಸಂರಕ್ಷಣಾ ಕಾಯಿದೆಯನ್ನು ಮಾಡಿತು. ಮರುವರ್ಷ ದೆಹಲಿಯಲ್ಲಿ ಅದಕ್ಕೊಂದು ಬ್ಯೂರೋ ಹುಟ್ಟಿತು. ಹೆಚ್ಚು ಶಕ್ತಿ ಬಳಸುವ ಉದ್ದಿಮೆಗಳನ್ನು ಗೊತ್ತುಪಡಿಸಿ, ಅವು ಶಕ್ತಿಯ ಲೆಕ್ಕ ಒಪ್ಪಿಸಬೇಕು, ಒಬ್ಬ ಶಕ್ತಿ ನಿರ್ವಾಹಕನನ್ನು ನೇಮಿಸಬೇಕು ಎಂದು ವಿಧಿಸಿತು. ಕಾಯಿದೆಯ ಮೂಲ ಪಟ್ಟಿಯಲ್ಲಿ ಕಬ್ಬಿಣ, ಸಿಮೆಂಟು, ಸಕ್ಕರೆ, ಕಾಗದ, ಬಟ್ಟೆ ಎಲ್ಲ ಇವೆ. ಬಟ್ಟೆ ಗಿರಣಿಯಾದರೆ ವರ್ಷಕ್ಕೆ 3,000 ಟನ್ ಎಣ್ಣೆಗೆ ಸಮನಾದ ಶಕ್ತಿ ಸುಟ್ಟರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಆ ಪಟ್ಟಿಯಲ್ಲಿ ಕಾಫಿಯ ಹೆಸರೇ ಇಲ್ಲ. ಅಕ್ಕಿ ಗಿರಣಿ, ಹಿಟ್ಟಿನ ಗಿರಣಿ, ಮರ ಕೊಯ್ಯುವ ಮಿಲ್ಲು, ಕಾಫಿ ಹಲ್ಲಿಂಗ್ ಮನೆ, ಇವುಗಳಿಗೆ ಕಾಯಿದೆಯ ಗೊಡವೆಯೂ ಇಲ್ಲ, ಅದರ ನೆರವೂ ಇಲ್ಲ. ದೊಡ್ಡವನಿಗೆ ಸಂಬಳದ ತಜ್ಞ, ಸಣ್ಣವನಿಗೆ ತಿಂಗಳ ಬಿಲ್ಲು.

ಇದೇನೂ ಹೊಸ ನೀತಿಯಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ಕರೆಂಟು 92 ಮೈಲಿ ಓಡಿ ಮೊದಲು ತಲುಪಿದ್ದು ಕೋಲಾರದ ಇಂಗ್ಲಿಷ್ ಕಂಪೆನಿಯ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ಬೆಳಕು ಬಂದದ್ದು 1905ರಲ್ಲಿ. ನಾಡಿನ ನೀರು, ನಾಡಿನ ಬೆವರು. ಮೊದಲ ಪಾಲು ಮಾತ್ರ ಬಂಡವಾಳಕ್ಕೆ. ಅಂದು ಶಕ್ತಿ ನಡೆದ ಹಾದಿಯಲ್ಲೇ ಇಂದು ಶಕ್ತಿಯ ವಿದ್ಯೆಯೂ ನಡೆಯುತ್ತಿದೆ.

ನಮ್ಮ ಬೆಟ್ಟಗಳನ್ನು ನೋಡಿ. ಕುದುರೆಮುಖದ ಅದಿರಿನ ಗಣಿ 2005ರ ಕೊನೆಗೆ ನಿಂತಿತು. ಇಂದು ಮೂಡಿಗೆರೆ, ಕಳಸದ ಕಡೆ ಓಡುತ್ತಿರುವುದು ಹೆಚ್ಚಾಗಿ ಸಣ್ಣ ಮೋಟಾರುಗಳು: ಪಲ್ಪರ್, ನೀರಿನ ಪಂಪು, ಹಲ್ಲರ್. ಕೊಯ್ಲಿನ ಹೊತ್ತಿನಲ್ಲಿ ಅಕಾಲದ ಮಳೆ ಹಿಡಿದರೆ ಕಣದ ಕಾಫಿ ಒಣಗುವುದಿಲ್ಲ; ಡ್ರೈಯರಿಗೆ ಸೌದೆ ಒಟ್ಟಬೇಕು. ಅರ್ಧದಷ್ಟು ನೀರಿರುವ 100 ಕಿಲೋ ಒದ್ದೆ ಪಾರ್ಚ್‌ಮೆಂಟನ್ನು ನೂರಕ್ಕೆ ಹತ್ತರ ತೇವಕ್ಕೆ ಇಳಿಸಬೇಕಾದರೆ ಸುಮಾರು 45 ಕಿಲೋ ನೀರು ಆವಿಯಾಗಬೇಕು. ಒಂದು ಕಿಲೋ ನೀರಿಗೆ ಸುಮಾರು ಮುಕ್ಕಾಲು ಯೂನಿಟ್ಟಿನಷ್ಟು ಶಾಖ. ಬಿಸಿಲು ಇದನ್ನು ಪುಕ್ಕಟೆ ಕೊಡುತ್ತದೆ. ಡ್ರೈಯರಿನ ಬಾಗಿಲು ಸಡಿಲವಾಗಿದ್ದರೆ, ಕೊಳವೆ ತೂತಾಗಿದ್ದರೆ, ಸೌದೆ ಹಸಿಯಾಗಿದ್ದರೆ ಇದರ ಎರಡರಷ್ಟು ಮೂರರಷ್ಟು ಸುಡುತ್ತದೆ. ಯಾವ ವಿದ್ಯಾರ್ಥಿ ಬಂದು ಇದನ್ನು ಅಳೆದಿದ್ದಾನೆ?

ಸಣ್ಣ ಗಿರಣಿಯ ಮಾತು ಕೇಳಿ. ಐದು ಎಚ್.ಪಿ. ಸಾಕಾಗುವ ಕಡೆ ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಹತ್ತು ಎಚ್.ಪಿ. ಮೋಟಾರು ಕೂರಿಸಿರುತ್ತಾರೆ. ಮಂಜೂರಾದ ಎಚ್.ಪಿ.ಗೆ ತಕ್ಕಂತೆ ನಿಗದಿತ ಶುಲ್ಕ ಕಟ್ಟಲೇಬೇಕು. ಭಾರವಿಲ್ಲದ ಮೋಟಾರು ಕೆಲಸಕ್ಕೆ ಬೇಕಾದುದಕ್ಕಿಂತ ಹೆಚ್ಚು ಕರೆಂಟನ್ನು ತಂತಿಯಲ್ಲಿ ಸುಮ್ಮನೆ ಓಡಾಡಿಸುತ್ತದೆ. ಪವರ್ ಫ್ಯಾಕ್ಟರ್ ಇಳಿಯಿತೆಂದು ದಂಡ ಬೀಳುತ್ತದೆ. ಸರಿಯಾದ ಅಳತೆಯ ಒಂದು ಕೆಪಾಸಿಟರು ಇದಕ್ಕೆ ಮದ್ದು. ಪಂಪು, ಫ್ಯಾನುಗಳ ವೇಗವನ್ನು ಐದರಲ್ಲಿ ಒಂದು ಪಾಲು ತಗ್ಗಿಸಿದರೆ ಅದು ತಿನ್ನುವ ಶಕ್ತಿ ಹೆಚ್ಚುಕಡಮೆ ಅರ್ಧಕ್ಕಿಳಿಯುತ್ತದೆ. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ಪಡೆದವರು ಊರ ತುಂಬ ಇದ್ದಾರೆ. ಗಿರಣಿಗೆ ಬಂದು ಹೇಳಿದವರು ಎಷ್ಟು ಜನ?

ಅಂಗಡಿಯವರೂ ಕೇಳಬೇಕು. 40 ವ್ಯಾಟಿನ ನಾಲ್ಕು ಹಳೆಯ ಟ್ಯೂಬು ತೆಗೆದು 20 ವ್ಯಾಟಿನ ಎಲ್.ಇ.ಡಿ. ಹಾಕಿದರೆ, ದಿನಕ್ಕೆ ಹತ್ತು ಗಂಟೆಯ ಲೆಕ್ಕದಲ್ಲಿ ತಿಂಗಳಿಗೆ 24 ಯೂನಿಟ್ಟು ಉಳಿಯುತ್ತದೆ. 2023ರಲ್ಲಿ ಬಂದ ಗೃಹಜ್ಯೋತಿ ಮನೆಗಳಿಗೆ. ಅಂಗಡಿಗೆ ಅದು ಅನ್ವಯಿಸುವುದಿಲ್ಲ. ಅಂಗಡಿಯವನು ಉಳಿಸಿದರೆ ಮಾತ್ರ ಉಂಟು. ಇನ್ನು ವರ್ಷದಲ್ಲಿ ಕೆಲವೇ ತಿಂಗಳು ನಡೆಯುವ ಉದ್ದಿಮೆಗೆ ದರಪಟ್ಟಿಯಲ್ಲಿ ರಿಯಾಯಿತಿಯ ನಿಯಮವಿದೆ. ಕೇಳಿದವರಿಗೆ ಮಾತ್ರ ಅದು ಸಿಗುತ್ತದೆ. ನಿಯಮವಿದೆಯೆಂದೇ ತಿಳಿಯದವನು ಏನೆಂದು ಅರ್ಜಿ ಹಾಕಿಯಾನು?

ಈಗ ದುಡಿಯುವವನ ಮಾತು. ಬೆಲ್ಟು ಜಾರುತ್ತಿದೆ, ಬೇರಿಂಗು ಬಿಸಿಯಾಗಿದೆ, ಗಾಳಿಯ ಕೊಳವೆ ಸೋರುತ್ತಿದೆ ಎಂದು ಮೊದಲು ತಿಳಿಯುವುದು ಯಂತ್ರದ ಪಕ್ಕ ನಿಂತವನ ಕಿವಿಗೆ, ಕೈಗೆ. ಬ್ಯೂರೋದ ಪರೀಕ್ಷೆ 2004ರಲ್ಲಿ ಶುರುವಾಯಿತು. ನಿರ್ವಾಹಕನಿಗೆ ಮೂರು ಪತ್ರಿಕೆ, ಲೆಕ್ಕ ಪರಿಶೋಧಕನಿಗೆ ನಾಲ್ಕು. ಅದಕ್ಕೆ ಕೂರಲು ಪದವಿ ಬೇಕು, ಇಲ್ಲವೆ ಡಿಪ್ಲೊಮಾ ಬೇಕು. ಮೂವತ್ತು ವರ್ಷ ಬಾಯ್ಲರಿನ ಮುಂದೆ ಬೆವರು ಸುರಿಸಿದ್ದಕ್ಕೆ ಅಲ್ಲಿ ಬೆಲೆಯಿಲ್ಲ.

ಮಾಲೀಕರು ಶಕ್ತಿಯ ಉಳಿತಾಯ ಎಂದಾಗ ಕಾರ್ಮಿಕ ಹೆದರುವುದಕ್ಕೂ ಕಾರಣವಿದೆ. ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಸಾಲಾಗಿ ಕುಳಿತು ಬೀಜ ಆರಿಸುತ್ತಿದ್ದ ಹೆಂಗಸರ ಜಾಗಕ್ಕೆ ಬಣ್ಣ ನೋಡಿ ಬೀಜ ಬೇರ್ಪಡಿಸುವ ಯಂತ್ರಗಳು ಬಂದವು. ಯಂತ್ರದ ಯೂನಿಟ್ಟಿನ ಲೆಕ್ಕ ಇಟ್ಟರು. ಕೂಲಿ ಕಳೆದುಕೊಂಡ ಕೈಗಳ ಲೆಕ್ಕ ಯಾವ ಖಾತೆಯಲ್ಲಿ ಬರೆದರು? ನಾವು ಯಂತ್ರದ ವೈರಿಗಳಲ್ಲ. ಯಂತ್ರದ ಫಲ ಒಬ್ಬನ ತಿಜೋರಿಗೇ ಸೇರುವುದನ್ನು ಮಾತ್ರ ಒಪ್ಪುವವರಲ್ಲ.

“ಕಾಲೇಜಿನ ಕೆಲಸ ಪಾಠ ಹೇಳುವುದು, ಊರಿನ ಮೋಟಾರು ರಿಪೇರಿ ಅಲ್ಲ” ಎನ್ನುವ ಮಹನೀಯರು ಇದ್ದಾರೆ. ಅವರಿಗೆ ನಮ್ಮ ಉತ್ತರ ಇಷ್ಟೆ: ವೈದ್ಯ ವಿದ್ಯಾರ್ಥಿ ರೋಗಿಯನ್ನು ಮುಟ್ಟದೆ ವೈದ್ಯನಾಗುವುದಿಲ್ಲ. ಪಕ್ಕದ ಬೀದಿಯ ಗಿರಣಿಯ ಮೀಟರನ್ನು ಓದಲು ಬಾರದವನು ಶಕ್ತಿಯನ್ನು ಎಲ್ಲಿ ನಿರ್ವಹಿಸಿಯಾನು? ಪ್ರತಿ ಡಿಸೆಂಬರ್ 14ರಂದು ಶಕ್ತಿ ಸಂರಕ್ಷಣಾ ದಿನ ಆಚರಿಸಿ, ದೀಪ ಆರಿಸಿರೆಂದು ಬಡವನಿಗೆ ಬುದ್ಧಿ ಹೇಳಿದರೆ ಮುಗಿಯಿತೆ?

ಆದುದರಿಂದ ನಾವು ಒತ್ತಾಯಿಸುತ್ತೇವೆ. ಕೊನೆಯ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟು ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಒಂದೊಂದು ಸಣ್ಣ ಗಿರಣಿಯ, ಒಂದೊಂದು ಅಂಗಡಿ ಬೀದಿಯ ಶಕ್ತಿಯ ಲೆಕ್ಕವಾಗಲಿ. ವರದಿ ಕನ್ನಡದಲ್ಲಿರಲಿ, ಪುಕ್ಕಟೆ ಸಿಗಲಿ. ಪಾಲಿಟೆಕ್ನಿಕ್ಕಿನಲ್ಲಿ ಕಾರ್ಮಿಕರಿಗೂ ಸಣ್ಣ ವರ್ತಕರಿಗೂ ಕನ್ನಡದಲ್ಲಿ ಸಂಜೆಯ ತರಗತಿ ನಡೆಯಲಿ. ಜಿಲ್ಲೆಗೆ ಕರೆಂಟು ಕೊಡುವ ಮೆಸ್ಕಾಂ, ರಿಯಾಯಿತಿ ಮತ್ತು ದಂಡದ ನಿಯಮಗಳನ್ನು ಪ್ರತಿ ಕಚೇರಿಯ ಗೋಡೆಯ ಮೇಲೆ ತಿಳಿಗನ್ನಡದಲ್ಲಿ ಬರೆಸಲಿ. ಉಳಿತಾಯ ಸಾಧಿಸಿದ ಕಾರ್ಖಾನೆ ಆ ಲೆಕ್ಕವನ್ನು ಕಾರ್ಮಿಕರ ಮುಂದಿಡಲಿ, ಅದರಲ್ಲಿ ಅವರಿಗೆ ಪಾಲು ಕೊಡಲಿ, ಅದರ ನೆಪದಲ್ಲಿ ಒಬ್ಬನನ್ನೂ ಮನೆಗೆ ಕಳಿಸದಿರಲಿ.

ಗಿರಣಿಯ ಸಂಗಾತಿಗಳೇ, ವರ್ತಕ ಬಂಧುಗಳೇ, ಈ ತಿಂಗಳ ಬಿಲ್ಲನ್ನು ಮಡಿಚಿ ಜೇಬಿಗಿಡಬೇಡಿ. ಸಂಘದ ಸಭೆಗೆ ತನ್ನಿ, ಸಾಲು ಸಾಲಾಗಿ ಓದಿ. ತಿಳಿಯದ ಸಾಲಿನ ಅರ್ಥವನ್ನು ಕಾಲೇಜಿಗೆ ಹೋಗುವ ನಿಮ್ಮ ಮಕ್ಕಳಿಂದ ಕೇಳಿ. ಅವರಿಗೂ ಉತ್ತರ ತಿಳಿಯದಿದ್ದರೆ, ಎಲ್ಲರೂ ಕೂಡಿ ಕಾಲೇಜಿನ ಬಾಗಿಲಿಗೆ ಹೋಗಿ ಕೇಳೋಣ.