ಸೇರಿಸುವಾಗ ‘ಎರಡನೇ ಮನೆ’, ಹಣ ಕೇಳಿದರೆ ‘ಶಾಲೆ’!

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಸಂಜೆ ಬಸ್ಸು ಹತ್ತಿದವರಿಗೆ ಈ ನೋಟ ಹೊಸದಲ್ಲ. ಒಂದು ಕೈಯಲ್ಲಿ ಟಿಫಿನ್ ಡಬ್ಬಿ, ಹೆಗಲ ಮೇಲೆ ನಿದ್ದೆ ಹೋದ ಕೂಸು. ಬಟ್ಟೆ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವರು, ನರ್ಸಿಂಗ್ ಹೋಮಿನವರು, ಆಫೀಸಿನವರು. ಅತ್ತೆ ಹಳ್ಳಿಯಲ್ಲಿ, ಗಂಡ ಇನ್ನೊಂದು ಅಂಗಡಿಯಲ್ಲಿ. ಹಗಲೆಲ್ಲ ಕೂಸನ್ನು ನೋಡಿಕೊಳ್ಳುವುದು ‘ಬೇಬಿ ಸಿಟ್ಟಿಂಗ್’ ಅಥವಾ ‘ಪ್ಲೇ ಹೋಂ’ ಎಂಬ ಬೋರ್ಡು ಹಾಕಿಕೊಂಡ ಬಾಡಿಗೆ ಮನೆ.

ಎಲ್ಲ ಚೆನ್ನಾಗಿ ನಡೆದಷ್ಟು ದಿನ ಯಾರ ತಕರಾರೂ ಇಲ್ಲ. ಜಗಳ ಶುರುವಾಗುವುದು ಸಾಮಾನ್ಯವಾಗಿ ಎರಡನೇ ತಿಂಗಳಲ್ಲಿ. ಐದು ಮಕ್ಕಳಿಗೊಬ್ಬ ಆಯಾ ಅಂದಿದ್ದರು, ಹೋಗಿ ನೋಡಿದರೆ ಇಪ್ಪತ್ತು ಮಕ್ಕಳಿಗೆ ಒಬ್ಬಳೇ. ಕ್ಯಾಮೆರಾ ಇದೆ ಅಂದಿದ್ದರು, ಇದ್ದದ್ದು ನಿಜ, ವೈರು ಮಾತ್ರ ಕಿತ್ತು ಹೋಗಿದೆ. ಮಗು ಒದ್ದೆ ಚಡ್ಡಿಯಲ್ಲೇ ಮಧ್ಯಾಹ್ನ ಕಳೆದು ಮೈಯೆಲ್ಲ ಗುಳ್ಳೆ. ತಾಯಿ ಮಗುವನ್ನು ಬಿಡಿಸಿಕೊಂಡು, ವರ್ಷಕ್ಕೆಂದು ಒಟ್ಟಿಗೆ ಕಟ್ಟಿದ ಫೀಯಲ್ಲಿ ಉಳಿದದ್ದನ್ನು ಕೇಳುತ್ತಾಳೆ. ಆಗ ಬರುವ ಉತ್ತರ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ: “ಕಟ್ಟಿದ ಫೀ ವಾಪಸ್ ಕೊಡಂಗಿಲ್ಲ ಕಣ್ರೀ. ಫಾರಂನಲ್ಲಿ ಸಹಿ ಹಾಕೀರಿ ನೋಡಿ. ನಮ್ದು ಶಿಕ್ಷಣ ಸಂಸ್ಥೆ, ಎಲ್ಲಿ ಬೇಕಾದ್ರೂ ಹೋಗ್ರಿ.”

ಇದೇನು ನ್ಯಾಯ ಸ್ವಾಮಿ? ಸೇರಿಸುವ ದಿನ ‘ನಿಮ್ಮ ಮಗುವಿನ ಎರಡನೇ ಮನೆ’ ಎಂದು ಕೈಗೆ ಕಾಗದ ಕೊಟ್ಟವರು, ದುಡ್ಡಿನ ಮಾತು ಬಂದಾಗ ರಾತ್ರೋರಾತ್ರಿ ಶಿಕ್ಷಣ ಸಂಸ್ಥೆಯಾಗುವುದು ಹೇಗೆ?

ಈ ವೇಷಕ್ಕೆ ಕಾರಣ ಇದೆ. ಶಿಕ್ಷಣ ಎಂಬುದು ಮಾರುವ ಸೇವೆಯಲ್ಲ, ವಿದ್ಯಾರ್ಥಿ ಗ್ರಾಹಕನಲ್ಲ ಎಂದು ಸುಪ್ರೀಂ ಕೋರ್ಟು 2010ರಲ್ಲಿ ವಿಶ್ವವಿದ್ಯಾಲಯವೊಂದರ ಪ್ರಕರಣದಲ್ಲಿ ಹೇಳಿದೆ. 2020ರ ಜನವರಿಯಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವೂ ಅದೇ ದಾರಿ ಹಿಡಿದು, ಕೋಚಿಂಗ್ ಕೇಂದ್ರಗಳನ್ನು ಬಿಟ್ಟು ಉಳಿದ ಶಿಕ್ಷಣ ಸಂಸ್ಥೆಗಳನ್ನು ಗ್ರಾಹಕ ಕಾಯ್ದೆಯಿಂದ ಹೊರಗಿಟ್ಟಿತು. ಅದರ ಮೇಲಿನ ಮೇಲ್ಮನವಿಯನ್ನು ಅದೇ ವರ್ಷದ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ವಿಚಾರಣೆಗೆ ತೆಗೆದುಕೊಂಡಿತು. ಇಂಥ ತೀರ್ಪುಗಳ ಕೊಡೆಯ ಕೆಳಗೆ ಪ್ಲೇ ಹೋಮಿನವರೂ ನುಸುಳಲು ನೋಡುತ್ತಾರೆ. ಆದರೆ ಎರಡು ವರ್ಷದ ಕೂಸಿಗೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಹಾಲು ಕುಡಿಸಿ, ಮಲಗಿಸಿ, ಚಡ್ಡಿ ಬದಲಿಸುವುದು ಯಾವ ಪಾಠ? ಅದು ದುಡ್ಡಿಗೆ ಮಾಡುವ ಆರೈಕೆ. ದುಡ್ಡು ಪಡೆದು ಆರೈಕೆ ಮಾಡುವವರು ಸೇವೆ ಮಾರುವವರೇ.

ಗ್ರಾಹಕ ಯಾರು, ಫೀ ಕಟ್ಟಿದ ತಂದೆಯೋ, ಅನುಭವಿಸಿದ ಮಗುವೋ? ಈ ಗೊಂದಲ ಬೇಡ. 1998ರಲ್ಲಿ ಆಸ್ಪತ್ರೆಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಬ್ಬರೂ ಗ್ರಾಹಕರೇ ಎಂದಿತು. ತಪ್ಪು ಇಂಜೆಕ್ಷನ್‌ನಿಂದ ಮಗುವಿನ ಮಿದುಳಿಗೆ ಪೆಟ್ಟು ಬಿದ್ದಿತ್ತು. ಮಗುವಿಗೆ ಹನ್ನೆರಡೂವರೆ ಲಕ್ಷ, ಹೆತ್ತವರ ಮನೋವೇದನೆಗೆ ಬೇರೆಯಾಗಿ 5 ಲಕ್ಷ ರೂಪಾಯಿ ಪರಿಹಾರವನ್ನು ನ್ಯಾಯಾಲಯ ಎತ್ತಿಹಿಡಿಯಿತು.

ಹೀಗಿರುವಾಗ ಎಲ್ಲವೂ ನಿಂತಿರುವುದು ಒಂದು ತುಂಡು ಕಾಗದದ ಮೇಲೆ, ಅಂದರೆ ರಸೀದಿಯ ಮೇಲೆ. ‘ಟ್ಯೂಷನ್ ಫೀ’ ಎಂದು ಬರೆದುಕೊಟ್ಟರೆ ಎದುರಾಳಿ ವಕೀಲರಿಗೆ ಹಬ್ಬ. ‘ಡೇ ಕೇರ್ ಶುಲ್ಕ, ಇಷ್ಟು ಗಂಟೆಯಿಂದ ಇಷ್ಟು ಗಂಟೆ, ಊಟ ಸೇರಿ’ ಎಂದು ಬರೆಸಿಕೊಂಡರೆ ತಾಯಿಯ ಕೈ ಮೇಲು. ಮಂಡಿಪೇಟೆಯಲ್ಲಿ ಐವತ್ತು ರೂಪಾಯಿ ಬೆಲ್ಲಕ್ಕೂ ಚೀಟಿ ಕೇಳುವ ಜನ, ಮಗುವನ್ನು ಒಪ್ಪಿಸುವ ಜಾಗದಲ್ಲಿ ಇಪ್ಪತ್ತು ಸಾವಿರ ಎಣಿಸಿ ಬರಿಗೈಲಿ ಬರುತ್ತಾರೆ. ಕೇಳಿದರೆ ‘ಮೇಡಂ ಬೇಜಾರು ಮಾಡ್ಕೊಂಡು ಮಗೂನ ಸರಿಯಾಗಿ ನೋಡದೆ ಹೋದ್ರೆ?’ ಎಂಬ ಭಯ. ಆ ಭಯವೇ ಈ ವ್ಯಾಪಾರದ ಬಂಡವಾಳ.

ಬಿಲ್ಲು ಅಥವಾ ರಸೀದಿ ಕೊಡದಿರುವುದನ್ನೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಸೇವೆ ಕೆಟ್ಟಿದ್ದರೂ ಹಣ ವಾಪಸ್ ಕೊಡೋದಿಲ್ಲ ಅನ್ನುವುದೂ ಅದೇ ಸಾಲಿಗೆ ಸೇರುತ್ತದೆ. ಬಿಲ್ಲಿನಲ್ಲಿ ಬೇರೆ ಗಡುವು ಇಲ್ಲದಿದ್ದರೆ ಮೂವತ್ತು ದಿನದೊಳಗೆ ಹಿಂತಿರುಗಿಸಬೇಕು. ಚೌಕಿಪೇಟೆಯ ಸೀರೆ ಅಂಗಡಿಯವರು ಹರಿದ ಸೀರೆ ಕೊಟ್ಟು ‘ಮಾರಿದ ಮಾಲು ವಾಪಸ್ ಇಲ್ಲ’ ಎಂಬ ಬೋರ್ಡು ತೋರಿಸುವಂತಿಲ್ಲ. ಆ ಕಟ್ಟುಪಾಡು ಬರೇ ಸೀರೆಯವರಿಗಷ್ಟೇ ಅಂತೀರಾ?

ದೂರು ಕೊಡಲು ವಕೀಲರೇ ಆಗಬೇಕೆಂದಿಲ್ಲ. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಬೇರೆ ಊರಿನ ದೊಡ್ಡ ಹೆಸರಿನ ಶಾಖೆಯಾಗಿದ್ದು, ಫಾರಂನಲ್ಲಿ ‘ತಕರಾರಿದ್ದರೆ ಬೆಂಗಳೂರು ನ್ಯಾಯಾಲಯ’ ಎಂದು ಅಚ್ಚಾಗಿದ್ದರೂ ಹೆದರಬೇಕಿಲ್ಲ. ದೂರುದಾರ ವಾಸವಿರುವ ಅಥವಾ ದುಡಿಯುವ ಊರಲ್ಲೇ ದೂರು ಕೊಡಲು ಕಾಯ್ದೆಯೇ ಅವಕಾಶ ಮಾಡಿದೆ. ಮೊದಲು ಒಂದು ನೋಟೀಸು ಬರೆದು ಸ್ಪೀಡ್ ಪೋಸ್ಟಿನಲ್ಲಿ ಹಾಕುವುದು ಒಳ್ಳೆಯದು. ಎಷ್ಟೋ ಜಗಳ ಅಲ್ಲಿಗೇ ತಣ್ಣಗಾಗುತ್ತದೆ. ವಾಟ್ಸಾಪ್ ಮಾತುಕತೆ, ಮಗುವಿನ ಫೋಟೋ, ಡಾಕ್ಟರ ಚೀಟಿ ಯಾವುದನ್ನೂ ಅಳಿಸಬಾರದು. 1915ಕ್ಕೆ ಫೋನು ಮಾಡಿದರೆ ಕನ್ನಡದಲ್ಲೂ ದಾರಿ ಹೇಳುತ್ತಾರೆ.

ಕಾಯ್ದೆಯಲ್ಲೊಂದು ಹುಳುಕೂ ಇದೆ. ವಿಪರೀತ ಡಿಪಾಜಿಟ್ ಕೇಳುವಂಥ ಏಕಪಕ್ಷೀಯ ಕರಾರನ್ನೇ ರದ್ದು ಮಾಡಿಸಬೇಕೆಂದರೆ ಜಿಲ್ಲಾ ಆಯೋಗಕ್ಕೆ ಆ ಅಧಿಕಾರವಿಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು. ಎಂಟು ಸಾವಿರ ಡಿಪಾಜಿಟ್ಟಿಗಾಗಿ ಹರಿಹರದ ತಾಯಿ ಬೆಂಗಳೂರು ಬಸ್ಸು ಹತ್ತಬೇಕಂತೆ! ಬರೆದವರಿಗೆ ಬಸ್ ಚಾರ್ಜು ಗೊತ್ತಿರಲಿಕ್ಕಿಲ್ಲ. ಆದ್ದರಿಂದ ‘ಸೇವೆಯಲ್ಲಿ ಕೊರತೆ, ಅನುಚಿತ ವ್ಯಾಪಾರ’ ಎಂದೇ ಇಲ್ಲಿ ದೂರು ಬರೆಯುವುದು ಜಾಣತನ.

ಅಂಗನವಾಡಿ, ಪಂಚಾಯ್ತಿಯ ಕೂಸಿನ ಮನೆಗಳಲ್ಲಿ ಫೀ ಇಲ್ಲದ್ದರಿಂದ ಗ್ರಾಹಕ ಕಾಯ್ದೆ ಒದಗುವುದಿಲ್ಲ. ಅಂಗನವಾಡಿಯ ತಕರಾರನ್ನು ಸಿಡಿಪಿಒ ಕಚೇರಿಗೆ, ಕೂಸಿನ ಮನೆಯದನ್ನು ಪಂಚಾಯ್ತಿಗೆ ಬರೆದು ಕೊಡಬೇಕು. ಮಗುವಿಗೆ ಹೊಡೆದ, ಕೋಣೆಯಲ್ಲಿ ಕೂಡಿಹಾಕಿದ ಮಾತಾದರೆ ಫೀ ಲೆಕ್ಕ ಆಮೇಲೆ. ಮೊದಲು 1098, ಪೊಲೀಸ್ ಠಾಣೆ. ಮಕ್ಕಳ ಆರೈಕೆಯ ಸಂಸ್ಥೆಯವರೇ ಹಿಂಸೆ ಮಾಡಿದರೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಐದು ವರ್ಷದವರೆಗೆ ಕಠಿಣ ಶಿಕ್ಷೆ ಇದೆ. ಅದರ ಜೊತೆಗೇ ಗ್ರಾಹಕ ಆಯೋಗದ ದೂರೂ ನಡೆಯಬಹುದು.

ಪ್ಲೇ ಹೋಮಿನವರೆಲ್ಲ ಕಟುಕರಲ್ಲ ಎಂಬುದನ್ನೂ ಹೇಳಬೇಕು. ಆರಕ್ಕೆ ಬರುತ್ತೇನೆಂದು ಏಳೂವರೆಗೆ ಬಂದು, ಆ ಒಂದೂವರೆ ಗಂಟೆ ಮಗುವನ್ನು ಆಡಿಸಿದ ಆಯಾಳ ಮುಖವನ್ನೂ ನೋಡದೆ ಹೋಗುವ ಅಪ್ಪಂದಿರಿಗೆ ಈ ಊರಲ್ಲಿ ಬರವಿಲ್ಲ. ಅಂಥ ಹೊತ್ತಿನ ಲೆಕ್ಕವನ್ನೂ ಮೊದಲೇ ಬರೆದಿಟ್ಟರೆ ಇಬ್ಬರಿಗೂ ಕ್ಷೇಮ. ಫೀ ಎಷ್ಟು, ಸಮಯ ಎಷ್ಟು, ಎಷ್ಟು ಮಕ್ಕಳಿಗೆ ಎಷ್ಟು ಆಯಾ, ನಡುವೆ ಬಿಟ್ಟರೆ ಎಷ್ಟು ವಾಪಸ್, ಈ ನಾಲ್ಕು ಸಾಲನ್ನು ಕನ್ನಡದಲ್ಲಿ ಬಾಗಿಲಿಗೆ ಹಾಕಲು ಪ್ಲೇ ಹೋಮಿನವರಿಗೇನು ಕಷ್ಟ? ಹೋಟೆಲಿನವರು ದೋಸೆ ದರವನ್ನು ಗೋಡೆಗೆ ಹಾಕುವುದಿಲ್ಲವೇ? ಜೂನ್ ತಿಂಗಳ ಸೇರ್ಪಡೆಗೆ ಫಾರಂ ಅಚ್ಚಾಗುವ ಮೊದಲೇ ಜಿಲ್ಲಾಡಳಿತ ಇವರನ್ನೆಲ್ಲ ಒಮ್ಮೆ ಕರೆದು ಕೂರಿಸಿ ಕೇಳಲಿ.