ಮೊದಲ ಆರು ತಿಂಗಳ ಹಾಲು

ಹಿರಿಯ ತಾಯಿಯೊಬ್ಬರು ಪತ್ರ ಬರೆದು ಕೇಳಿದ್ದಾರೆ: ಹುಟ್ಟಿ ನಾಲ್ಕು ದಿನವಾದ ಮೊಮ್ಮಗನ ಎದೆ ಉಬ್ಬಿ ಹಾಲು ಜಿನುಗುತ್ತಿದೆ, ಹಿಂಡಿ ತೆಗೆಯಿರೆಂದು ಓಣಿಯವರು ಹೇಳುತ್ತಾರೆ, ಗಂಡು ಕೂಸಿಗೆ ಹೀಗಾಗುವುದುಂಟೆ? ಉಂಟು ತಾಯಿ. ಗಂಡು ಹೆಣ್ಣು ಎರಡೂ ಕೂಸುಗಳಲ್ಲಿ ಉಂಟು. ಗರ್ಭದಲ್ಲಿದ್ದಾಗ ಶಿಶುವನ್ನು ಆವರಿಸಿದ್ದ ಹಾರ್ಮೋನುಗಳ ಪ್ರಭಾವವದು; ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹಿಂಡಿದರೆ ಸೋಂಕು ತಗಲಿ ಕೀವುಗಟ್ಟುವ ಅಪಾಯವಿದೆ. ಆದುದರಿಂದ ದಯಮಾಡಿ ಹಿಂಡಬೇಡಿರಿ. ಹೆಣ್ಣು ಕೂಸಿನಲ್ಲಿ ಮೊದಲ ವಾರ ಒಂದೆರಡು ತೊಟ್ಟು ರಕ್ತ ಕಾಣಿಸುವುದೂ ಇದೇ ಕಾರಣದಿಂದ; ಅಪಶಕುನವೆಂದು ಬಾಣಂತಿಯನ್ನು ನೋಯಿಸಲಾಗದು. ಎದೆ ಕೆಂಪಾಗಿ ಬಿಸಿಯಾದರೆ, ರಕ್ತ ಹೆಚ್ಚಾದರೆ ಅಥವಾ ನಿಲ್ಲದಿದ್ದರೆ ಮಾತ್ರ ತಡಮಾಡದೆ ವೈದ್ಯರ ಬಳಿಗೆ ಹೋಗತಕ್ಕದ್ದು.

ಹಾರ್ಮೋನುಗಳ ಮಾತು ಹರೆಯಕ್ಕೆ ಸೇರಿದ್ದೆಂದು ನಾವು ಭಾವಿಸುತ್ತೇವೆ. ಆದರೆ ತೊಟ್ಟಿಲಲ್ಲಿಯೇ ಒಂದು ಕಿರು ಹರೆಯ ಬಂದು ಹೋಗುತ್ತದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಗಂಡು ಶಿಶುವಿನಲ್ಲಿ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಒಂದರಿಂದ ಮೂರು ತಿಂಗಳ ನಡುವೆ ಶಿಖರಕ್ಕೇರಿ, ಸುಮಾರು ಆರು ತಿಂಗಳ ವೇಳೆಗೆ ಇಳಿದುಹೋಗುತ್ತದೆ. ಹೆಣ್ಣು ಶಿಶುವಿನಲ್ಲಿ ಈ ಚಟುವಟಿಕೆ ಏರಿಳಿತಗಳೊಡನೆ ಇನ್ನೂ ದೀರ್ಘಕಾಲ ನಡೆಯುತ್ತದೆ. ಆಮೇಲೆ ಉಭಯರಲ್ಲಿಯೂ ಅದು ಹರೆಯದವರೆಗೆ ನಿದ್ರಿಸುತ್ತದೆ. ಇಂಥ ಸೂಕ್ಷ್ಮ ತಿಂಗಳುಗಳಲ್ಲಿ ಕೂಸಿನ ಹೊಟ್ಟೆಗೆ ಏನು ಬೀಳುತ್ತದೆಂಬುದು ಅಲ್ಪ ವಿಷಯವಲ್ಲ.

ಫಿಲಿಪ್ಪೀನ್ಸ್ ದೇಶದ ಸೆಬು ಎಂಬಲ್ಲಿ 1983ರಿಂದ ನಡೆದಿರುವ ಅಧ್ಯಯನವೊಂದು ಇದಕ್ಕೆ ಸಾಕ್ಷಿ. ಅಲ್ಲಿ ಮೂರು ಸಾವಿರಕ್ಕೂ ಮಿಕ್ಕ ತಾಯಂದಿರನ್ನು ಗುರುತಿಸಿ, ಅವರಿಗೆ ಹುಟ್ಟಿದ ಮಕ್ಕಳನ್ನು ಎರಡು ತಿಂಗಳಿಗೊಮ್ಮೆ ಎರಡು ವರ್ಷದವರೆಗೆ ತೂಗಿ ಅಳೆದು, ದೊಡ್ಡವರಾಗುವವರೆಗೂ ಬೆನ್ನುಹತ್ತಿ ನೋಡಿದರು. ಅವರಲ್ಲಿ 770 ಯುವಕರನ್ನು ಪರೀಕ್ಷಿಸಿ ಕ್ರಿಸ್ಟೋಫರ್ ಕುಜಾವಾ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ: ಮೊದಲ ಆರು ತಿಂಗಳಲ್ಲಿ ಬೇಗ ಮೈತುಂಬಿಕೊಂಡ ಗಂಡುಮಕ್ಕಳು ಬೇಗ ಪ್ರೌಢರಾದರು, ಎತ್ತರವಾದರು, ಮಾಂಸಖಂಡ ಬಲಿತವು, ಟೆಸ್ಟೋಸ್ಟೆರಾನ್ ಪ್ರಮಾಣವೂ ಅಧಿಕವಾಗಿತ್ತು. ಮೀಸೆ ತಿರುವುವವರು ತಮ್ಮ ಗಂಡಸುತನವನ್ನು ವಂಶದ ಕೊಡುಗೆಯೆಂದೇ ಬೀಗುತ್ತಾರಲ್ಲ, ಅದರಲ್ಲಿ ಹೆತ್ತವ್ವನ ಆರೈಕೆಯದೂ ಒಂದು ಪಾಲಿದೆಯೆಂದು ತಿಳಿಯಲಿ! ಅದೇ ಸೆಬುವಿನ ಹೆಣ್ಣುಮಕ್ಕಳನ್ನು ಕುರಿತು ಲಿಂಡಾ ಅಡೇರ್ 2001ರಲ್ಲಿ ಬರೆದಂತೆ, ಹುಟ್ಟುವಾಗ ಉದ್ದವಾಗಿ ತೆಳ್ಳಗಿದ್ದವರು ಬೇಗ ಋತುಮತಿಯರಾದರು. ಆರು ತಿಂಗಳೊಳಗೆ ಶೀಘ್ರ ಬೆಳೆದವರಲ್ಲಿ ಇದು ಇನ್ನೂ ಸ್ಪಷ್ಟವಾಗಿತ್ತು. ಪೋಷಣೆ ಒಂದೇ, ಫಲ ಬೇರೆ ಬೇರೆ.

ಇದನ್ನೋದಿ ಯಾರೂ ಕೂಸನ್ನು ದಪ್ಪಮಾಡಲು ಬಾಟಲಿ ಹಿಡಿಯಬಾರದು. ಮೈ ಉಬ್ಬುವುದೇ ಆರೋಗ್ಯವಲ್ಲ. ಬೇಗ ಋತುಮತಿಯಾಗುವುದೂ ಹಿಗ್ಗಬೇಕಾದ ಸಂಗತಿಯಲ್ಲ.

ಡಬ್ಬಿಯ ಸೋಯಾ ಹಾಲಿನ ವಿಷಯವನ್ನೂ ಹೇಳಬೇಕು. ಸೋಯಾ ಅವರೆಯಲ್ಲಿ ಸ್ತ್ರೀ ಹಾರ್ಮೋನಾದ ಈಸ್ಟ್ರೊಜೆನ್ನನ್ನು ಹೋಲುವ ಅಂಶಗಳುಂಟು. ಅಮೆರಿಕದಲ್ಲಿ ಸೋಯಾ ಹಾಲು, ಹಸುವಿನ ಹಾಲಿನ ಪುಡಿ, ತಾಯಿಹಾಲು ಇವುಗಳಲ್ಲಿ ಒಂದೊಂದನ್ನು ಕುಡಿದ ಶಿಶುಗಳನ್ನು ಹೋಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೋಯಾ ಕುಡಿದ ಹೆಣ್ಣು ಶಿಶುಗಳ ಜನನಾಂಗದ ಜೀವಕೋಶಗಳಲ್ಲಿ ಈಸ್ಟ್ರೊಜೆನ್ ತಾಗಿದಂಥ ಗುರುತು ಕಂಡಿತು. ಹುಟ್ಟಿದ ಮೇಲೆ ಕಿರಿದಾಗಬೇಕಾದ ಗರ್ಭಕೋಶ ನಿಧಾನವಾಗಿ ಕಿರಿದಾಯಿತು. ಗಂಡು ಶಿಶುಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಇದರಿಂದ ಕೇಡಾಯಿತೆಂದು ಹೇಳುವಂತಿಲ್ಲ. ಹಾಲಿನ ಸಕ್ಕರೆಯನ್ನು ಅರಗಿಸಲಾರದ ಗ್ಯಾಲಕ್ಟೊಸೀಮಿಯಾ ರೋಗದ ಶಿಶುಗಳಿಗೆ ಸೋಯಾ ಹಾಲೇ ಆಸರೆ. ವೈದ್ಯರು ಹೇಳದೆ ಅದನ್ನು ತರಬಾರದೆಂಬುದಷ್ಟೇ ನನ್ನ ಅಭಿಪ್ರಾಯ.

ಆದರೆ ನಮ್ಮ ದೇಶದಲ್ಲಿ ಹಾರ್ಮೋನುಗಳಿಗಿಂತ ಮೊದಲೇ ಭೇದ ಮಾಡುವವರು ನಾವು. ಸೀಮಾ ಜಯಚಂದ್ರನ್ ಮತ್ತು ಇಲ್ಯಾನಾ ಕುಝಿಯೆಮ್ಕೊ ಎಂಬ ವಿದುಷಿಯರು ಭಾರತದ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಶೋಧಿಸಿ 2011ರಲ್ಲಿ ತೋರಿಸಿದ್ದು, ಹೆಣ್ಣು ಕೂಸಿಗೆ ಗಂಡು ಕೂಸಿಗಿಂತ ಬೇಗ ಮೊಲೆ ಬಿಡಿಸಲಾಗುತ್ತದೆಂದು. ತಾಯಿಗೆ ಪ್ರೀತಿ ಕಡಿಮೆಯೆಂದಲ್ಲ. ಹೆಣ್ಣು ಹುಟ್ಟಿದ ಮನೆ ಗಂಡಿಗಾಗಿ ಅವಸರಪಡುತ್ತದೆ. ತಾಯಿ ಮತ್ತೆ ಗರ್ಭಿಣಿಯಾಗುತ್ತಾಳೆ. ಮೊದಲಿನ ಕೂಸಿನ ಹಾಲು ನಿಲ್ಲುತ್ತದೆ. ಶುದ್ಧವಲ್ಲದ ನೀರು, ತೊಳೆಯದ ಬಾಟಲಿ ಅದರ ಬಾಯಿಗೆ ಬರುತ್ತವೆ, ಬೆನ್ನಿಗೇ ಭೇದಿ. ಅತ್ತೆ ಮಾವಂದಿರು ಸೊಸೆಯ ಮೇಲೆ ಹೇರುವ ಈ ಅವಸರದ ಬೆಲೆಯನ್ನು ತೆರುವವಳು ತೊಟ್ಟಿಲಲ್ಲಿರುವ ಮೊಮ್ಮಗಳು.

ಹುಟ್ಟಿದ ಕೂಡಲೆ ಬರುವ ಹಳದಿ ಹಾಲನ್ನು ಚೆಲ್ಲದೆ ಕುಡಿಸಬೇಕು. ಜೇನು ನೆಕ್ಕಿಸುವ ರೂಢಿಯನ್ನು ಬಿಡಬೇಕು. ವರ್ಷ ತುಂಬದ ಕೂಸಿಗೆ ಅದು ವಿಷವಾಗಬಹುದು. ಆರು ತಿಂಗಳು ತುಂಬುವವರೆಗೆ ತಾಯಿಹಾಲೊಂದೇ ಸಾಕು, ಬೇಸಿಗೆಯಲ್ಲಿಯೂ ನೀರು ಬೇಡ. ಅನಂತರ ರಾಗಿಯ ಸರಿ, ನುಣ್ಣಗೆ ಕಿವುಚಿದ ಬೇಳೆ ಅನ್ನ, ಜೊತೆಗೆ ಎರಡು ವರ್ಷದವರೆಗೆ ಅಥವಾ ಅದಕ್ಕೂ ಮೀರಿ ತಾಯಿಹಾಲು. ಮಗನಿಗೆ ಎಷ್ಟು ತಿಂಗಳೋ ಮಗಳಿಗೂ ಅಷ್ಟೇ ತಿಂಗಳು.